ಹೊಸ ಸೈಕಲ್ಲು: ಒಂದು ಸಲಕ್ಕೆ ಒಂದೇ ತಿರುಪು

ಹೋದ ತಿಂಗಳು ಈ ಅಂಕಣದಲ್ಲಿ ರೋಡ್ ಬೈಕ್ ಬಗ್ಗೆ ಎರಡು ಸಾಲು ಬರೆದಿದ್ದೆ, ಅಷ್ಟೆ. ಬಂದ ಪತ್ರಗಳನ್ನು ನೋಡಿದರೆ ಊರೂರಿಗೂ ಹೊಸ ಸೈಕಲ್ ಬಂದಿಳಿದಿರುವ ಹಾಗಿದೆ. ಒಬ್ಬರು "ಬೈಕು ಅಂದಿರಲ್ಲ, ಮೈಲೇಜ್ ಎಷ್ಟು ಕೊಡುತ್ತದೆ?" ಎಂದು ಕೇಳಿದ್ದಾರೆ. ಸ್ವಾಮಿ, ಇದು ಪೆಟ್ರೋಲ್ ಕುಡಿಯುವ ಬೈಕಲ್ಲ. ಬಾಗಿದ ಹ್ಯಾಂಡಲ್ಲು, ತೆಳು ಟೈರಿನ ಸೈಕಲ್ಲು. ಮೈಲೇಜು ಎರಡು ಇಡ್ಲಿ ಒಂದು ವಡೆಗೆ ಸುಮಾರು 25 ಕಿಲೋಮೀಟರ್.

ಹೊಸ ಓದುಗರಿಗೆ ನನ್ನ ಪರಿಚಯ: ಅರಸೀಕೆರೆಯಲ್ಲಿ ಅಪ್ಪನದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಒಳಪೆಡಲು ಕಲಿತದ್ದೂ ಅಲ್ಲೇ, ಟ್ಯೂಬಿಗೆ ತೇಪೆ ಹಾಕಲು ಕಲಿತದ್ದೂ ಅಲ್ಲೇ. ರೋಡ್ ಬೈಕ್ ಕೊಂಡದ್ದು ಮಾತ್ರ ಮೈಸೂರಿಗೆ ಬಂದ ಮೇಲೆ, 47ನೇ ವಯಸ್ಸಿನಲ್ಲಿ. ಅಪ್ಪನ ಅಂಗಡಿಯಲ್ಲಿ ಕಲಿತದ್ದರಲ್ಲಿ ಅರ್ಧ ಇದಕ್ಕೂ ಹೊಂದಿತು. ಉಳಿದರ್ಧ ನನ್ನನ್ನು ಬೀಳಿಸಿತು. ಎರಡನ್ನೂ ಹೇಳುತ್ತೇನೆ.

ಪ್ರಶ್ನೆ: ಮುಂದಿನ ವಾರ ಬೆಂಗಳೂರಿಗೆ ಹೋಗಿ ಹೊಸ ರೋಡ್ ಬೈಕ್ ತರುತ್ತಿದ್ದೇನೆ. ಅಂಗಡಿಯಲ್ಲೇ ಏನೇನು ಪರೀಕ್ಷೆ ಮಾಡಬೇಕು? ಅವರ ಮುಂದೆ ಪೆದ್ದನ ಹಾಗೆ ಕಾಣಬಾರದು ನೋಡಿ.
(ಓದುಗರು, ತುಮಕೂರು)

ಪೆದ್ದನ ಹಾಗೆ ಕಂಡರೂ ಪರವಾಗಿಲ್ಲ, ಮುಟ್ಟಿ ನೋಡಿ. ನಾನು ಮೊದಲ ಸೈಕಲ್ ತಂದಾಗ ಇದೇ ಸಂಕೋಚದಿಂದ ಸುಮ್ನೆ ದುಡ್ಡು ಕೊಟ್ಟು ಹತ್ತಿ ಹೊರಟೆ. ಮೊದಲನೇ ಹಂಪ್ ಹಾರಿದ್ದೇ ತಡ, ಹ್ಯಾಂಡಲ್ ಎಡಕ್ಕೆ ತಿರುಗಿತು, ಚಕ್ರ ಮಾತ್ರ ನೇರ ಹೋಗುತ್ತಿತ್ತು. ಹ್ಯಾಂಡಲನ್ನು ಅದರ ಕಂಬಕ್ಕೆ ಕಚ್ಚಿಸುವ ತುಂಡಿಗೆ ಸ್ಟೆಮ್ ಅನ್ನುತ್ತಾರೆ, ಅದರ ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಹಾಗೇ ಬಿಟ್ಟಿದ್ದರು. ಎದುರಿಗೆ ಬಸ್ಸು ಇರಲಿಲ್ಲ, ನನ್ನ ಪುಣ್ಯ.

ಆದ್ದರಿಂದ ಮೊದಲು ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ಮೆಲ್ಲಗೆ ತಿರುಗಿಸಿ ನೋಡಿ. ಜಗ್ಗಬಾರದು. ಆಮೇಲೆ ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಇನ್ನೊಂದು ಕೈ ಬೆರಳು ಹ್ಯಾಂಡಲ್ ಕಂಬ ಫ್ರೇಮಿಗೆ ಸೇರುವ ಸಂದಿನ ಮೇಲಿರಲಿ. "ಟಕ್" ಎಂದು ಬೆರಳಿಗೆ ತಿಳಿದರೆ ಹೆಡ್‌ಸೆಟ್, ಅಂದರೆ ಆ ಕಂಬ ತಿರುಗುವ ಬೇರಿಂಗು, ಸಡಿಲ. ಅದನ್ನು ಸರಿಮಾಡಲು ಒಂದು ಕ್ರಮ ಇದೆ: ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟು ಸಡಿಲಿಸಬೇಕು, ತಲೆಯ ಮೇಲಿನ ಮುಚ್ಚಳದ ಬೋಲ್ಟನ್ನು ಆಟ ಹೋಗುವಷ್ಟು ಮಾತ್ರ ಬಿಗಿ ಮಾಡಬೇಕು, ಹ್ಯಾಂಡಲ್ ಚಕ್ರಕ್ಕೆ ನೇರ ಮಾಡಿ ಪಕ್ಕದ ಬೋಲ್ಟು ಬಿಗಿಯಬೇಕು. ಪಕ್ಕದ ಬೋಲ್ಟು ಸಡಿಲಿಸದೆ ಮೇಲಿನದ್ದನ್ನೇ ತಿರುಗಿಸುತ್ತಾ ಹೋಗುವವರನ್ನು ಕಂಡರೆ ಅಲ್ಲಿಂದ ಸೈಕಲ್ ತಗೋಬೇಡಿ. ಎಷ್ಟು ಬಿಗಿ ಎನ್ನುವುದು ಸಾಮಾನ್ಯವಾಗಿ ಸ್ಟೆಮ್ಮಿನ ಮೇಲೇ ಅಚ್ಚಾಗಿರುತ್ತದೆ, ಹೆಚ್ಚಿನವಕ್ಕೆ 5 ನ್ಯೂಟನ್ ಮೀಟರ್. ಕಾರ್ಬನ್ ಭಾಗ ಇದ್ದರೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಯಾರಿಗೂ ಬಿಗಿಯಲು ಬಿಡಬೇಡಿ.

ಚಕ್ರ ಎತ್ತಿ ತಿರುಗಿಸಿ ಬೆಂಡ್ ಇದೆಯಾ ನೋಡಿ. ಚಕ್ರವನ್ನು ಕೈಯಲ್ಲೇ ಬಿಚ್ಚಲು ಇರುವ ಕ್ವಿಕ್ ರಿಲೀಸ್ ಸನ್ನೆಯನ್ನು ನೀವೇ ಒಮ್ಮೆ ಬಿಚ್ಚಿ ಹಾಕಿ. ಅರ್ಧ ದಾರಿಯಲ್ಲಿ ಬಿಗಿ ಹತ್ತಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಅದರ ಗುರುತು ಮೂಡಬೇಕು. ಕೊನೆಗೆ ಸೈಕಲ್ಲನ್ನು ನಾಲ್ಕು ಬೆರಳೆತ್ತರದಿಂದ ನೆಲಕ್ಕೆ ಬಿಟ್ಟು ಕಿವಿಗೊಡಿ. ಗಲಗಲ ಅಂದರೆ ಎಲ್ಲೋ ಏನೋ ಸಡಿಲ ಇದೆ. ಮೊದಲ ದಿನ ಕಡ್ಡಿಗಳು "ಟಿಂಗ್ ಟಿಂಗ್" ಅಂದರೆ ಹೆದರಬೇಡಿ, ಕೂರುವ ಜಾಗಕ್ಕೆ ಕೂರುತ್ತಿವೆ. 150-200 ಕಿ.ಮೀ. ಆದ ಮೇಲೆ ಮತ್ತೆ ತೋರಿಸಿ ಬೆಂಡ್ ತೆಗೆಸಿಕೊಳ್ಳಿ.

ಪ್ರಶ್ನೆ: ವಯಸ್ಸು 41, ಎತ್ತರ 5 ಅಡಿ 7 ಅಂಗುಲ. ಪೆಟ್ಟಿಗೆಯಲ್ಲಿ ತರಿಸಿ ನಾನೇ ಜೋಡಿಸಿದ ಸೈಕಲ್. 20 ಕಿ.ಮೀ. ಆಗುವಷ್ಟರಲ್ಲಿ ಮಂಡಿಯ ಮುಂಭಾಗ ನೋಯುತ್ತದೆ, ಕಿರುಬೆರಳು ಉಂಗುರಬೆರಳು ಜೋಮು ಹಿಡಿಯುತ್ತವೆ. ಸೀಟಿನ ಮೇಲೆ ಕೂತರೆ ಎರಡೂ ಕಾಲು ನೆಲಕ್ಕೆ ಚೆನ್ನಾಗಿ ಊರುತ್ತವೆ. ಒತ್ತಬಾರದೆಂದು ಸೀಟಿನ ಮೂತಿಯನ್ನು ಕೆಳಗೆ ಬಗ್ಗಿಸಿದ್ದೇನೆ. ಫ್ರೇಮ್ ಸೈಜೇ ತಪ್ಪಾಯಿತಾ?
(ಓದುಗರು, ಹಾಸನ)

ಸೈಜಿನ ವಿಷಯ ಆಮೇಲೆ. ನಿಮ್ಮ ಪತ್ರದಲ್ಲೇ ಎರಡು ಉತ್ತರ ಇವೆ. "ಎರಡೂ ಕಾಲು ಚೆನ್ನಾಗಿ ಊರುತ್ತವೆ", ಇದು ಮಂಡಿನೋವಿನ ಕಾರಣ. "ಮೂತಿ ಬಗ್ಗಿಸಿದ್ದೇನೆ", ಇದು ಬೆರಳಿನ ಜೋಮಿಗೆ ಕಾರಣ.

ಕೂತಲ್ಲಿಂದಲೇ ಕಾಲೂರುವುದು ನಮಗೆಲ್ಲ ಬಾಲ್ಯದ ಅಭ್ಯಾಸ. ಬಾಡಿಗೆಗೆ ಸೈಕಲ್ ತಗೊಂಡು ಹೋಗುವವರು ಅಪ್ಪನ ಹತ್ತಿರ ಮೊದಲು ಕೇಳುತ್ತಿದ್ದುದೇ "ಸೀಟ್ ಇಳಿಸಿಕೊಡಿ" ಅಂತ. ರೋಡ್ ಬೈಕಿನಲ್ಲಿ ಪೆಡಲ್ ಕಡ್ಡಿಗಳು ಕೂಡುವ ಅಚ್ಚು ನೆಲದಿಂದ ಎತ್ತರದಲ್ಲಿದೆ. ಸೀಟು ಕಾಲಿಗೆ ಸರಿಯಾದ ಎತ್ತರದಲ್ಲಿದ್ದರೆ ಕೂತಲ್ಲಿಂದ ಒಂದು ಕಾಲಿನ ಹೆಬ್ಬೆರಳು ಮುಟ್ಟಿದರೆ ಹೆಚ್ಚು. ನಿಲ್ಲಿಸುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿಯಬೇಕು. ತಗ್ಗು ಸೀಟಿನಲ್ಲಿ ತುಳಿದರೆ ಪ್ರತಿ ಸುತ್ತಿಗೂ ಮಂಡಿ ಜಾಸ್ತಿ ಮಡಚುತ್ತದೆ, ಚಿಪ್ಪಿನ ಮೇಲೆ ಭಾರ ಬೀಳುತ್ತದೆ. ನಿಮಿಷಕ್ಕೆ 80 ಸುತ್ತು ಅಂದುಕೊಳ್ಳಿ, ಗಂಟೆಗೆ 4,800 ಸಲ. ನೋಯದೆ ಇನ್ನೇನು?

ಅಳತೆ ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಪಾದಗಳ ನಡುವೆ ಒಂದು ಗೇಣಿಗಿಂತ ಕೊಂಚ ಕಡಿಮೆ ಜಾಗ ಇರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಸೀಟು ಒತ್ತುವಷ್ಟು ಮೇಲೆ ಒತ್ತಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗೆರೆ. ನೆಲದಿಂದ ಗೆರೆಯವರೆಗೆ ಎಷ್ಟು ಸೆಂಟಿಮೀಟರ್ ಇದೆಯೋ ಅದನ್ನು 0.883ರಿಂದ ಗುಣಿಸಿ. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕ ಇದು. ನಿಮ್ಮದು 78 ಬಂತು ಅಂದುಕೊಳ್ಳಿ, ಗುಣಿಸಿದರೆ 68.9. ಪೆಡಲ್ ಕಡ್ಡಿಗಳು ಕೂಡುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ, ಸೀಟಿನ ಕಂಬದ ಗುಂಟ, ಅಷ್ಟು ಇರಬೇಕು.

ಆದರೆ ಶೂಗಳ ಅಟ್ಟೆ ಬೇರೆ ಬೇರೆ, ಪೆಡಲಿನ ದಪ್ಪವೂ ಬೇರೆ. ಹಾಗಾಗಿ ಕಿಟಕಿಯ ಸರಳು ಹಿಡಿದು ಸೈಕಲ್ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲು ಕೆಳಗೆ ಬಂದಾಗ ಕಾಲು ಸರಿಯಾಗಿ ನೆಟ್ಟಗಾಗಬೇಕು, ಸೊಂಟ ಆ ಕಡೆ ಈ ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿಯಲ್ಲಿ ಬೇಕಾದಷ್ಟು ಮಡಿಕೆ ತಾನೇ ಉಳಿಯುತ್ತದೆ. ಮಂಡಿಯ ಹಿಂಭಾಗ ಎಳೆದ ಹಾಗಾದರೆ ಸೀಟು ಜಾಸ್ತಿ ಎತ್ತರವಾಯಿತು ಅಂತ. ಕಂಬದ ಮೇಲೆ ಕನಿಷ್ಠ ಎಷ್ಟು ಒಳಗಿರಬೇಕು ಎನ್ನುವ ಗೆರೆ ಇರುತ್ತದೆ, ಅದು ಹೊರಗೆ ಕಾಣಬಾರದು. ಗೆರೆ ಕಾಣುವಷ್ಟು ಎತ್ತಬೇಕಾಗಿ ಬಂದರೆ ಆಗ ಸೈಜಿನ ಮಾತು ಆಡೋಣ.

ಈಗ ನಿಮಗೆ ಬಹುಶಃ ಮೂರ್ನಾಲ್ಕು ಸೆಂಟಿಮೀಟರ್ ಏರಿಸಬೇಕಾಗುತ್ತದೆ. ಒಂದೇ ದಿನ ಏರಿಸಬೇಡಿ. ಒಂದೊಂದು ಸೆಂಟಿಮೀಟರ್ ಏರಿಸಿ, ಅದೇ ದಾರಿಯಲ್ಲಿ ಓಡಿಸಿ ನೋಡಿ. ನನ್ನ ಪರೀಕ್ಷೆಯ ದಾರಿ ಮನೆಯಿಂದ ವರುಣಾ ಕೆರೆಗೆ ಹೋಗಿ ವಾಪಸ್ ಬರುವುದು. ಅದೇ ಏರು, ಅದೇ ಗುಂಡಿ, ಬದಲಾದದ್ದು ಸೈಕಲ್ಲಿನಲ್ಲಿ ಒಂದೇ ಒಂದು ತಿರುಪು. ಕಂಬಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ, ಜೇಬಿನ ಪುಸ್ತಕದಲ್ಲಿ ತಾರೀಕು, ಎತ್ತರ, ಎಲ್ಲಿ ನೋವು ಎಂದು ಬರೆಯಿರಿ. ಒಂದು ಶನಿವಾರ ನಾನು ಉತ್ಸಾಹದಲ್ಲಿ ಹೊಸ ಸೀಟು, ಹೊಸ ಸ್ಟೆಮ್ಮು, ಹೊಸ ಶೂ ಮೂರನ್ನೂ ಹಾಕಿದೆ. ಎಡ ಮಂಡಿ ಮೂರು ವಾರ ನೋಯಿತು. ಮೂರರಲ್ಲಿ ಯಾವುದರಿಂದ? ಇವತ್ತಿಗೂ ಗೊತ್ತಿಲ್ಲ. ಅಪ್ಪ ಚಕ್ರದ ಬೆಂಡ್ ತೆಗೆಯುವಾಗ ಒಂದು ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿ, ಚಕ್ರವನ್ನು ಒಂದು ಸುತ್ತು ಬಿಟ್ಟು, ಸುಮ್ಮನೆ ನೋಡುತ್ತಿದ್ದರು. ಆಮೇಲೆ ಇನ್ನೊಂದು ಕಾಲು ಸುತ್ತು. ಕಾಯುವ ಗಿರಾಕಿಗೆ ಬೇಜಾರಾಗುತ್ತಿತ್ತು, ಚಕ್ರ ಮಾತ್ರ ನೆಟ್ಟಗಾಗುತ್ತಿತ್ತು.

ಎತ್ತರ ಸರಿಹೋದ ಮೇಲೆ ಮೂತಿ. ಸಮತಟ್ಟಾದ ನೆಲದಲ್ಲಿ ಸೈಕಲ್ ನಿಲ್ಲಿಸಿ ಸೀಟಿನ ಮೇಲೆ ಗಾರೆಯವರ ರಸಮಟ್ಟ ಇಡಿ. ಮೊಬೈಲಿನಲ್ಲೂ ರಸಮಟ್ಟ ಇರುತ್ತದೆ. ಮೂತಿ ತಗ್ಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯುವ ಕೆಲಸ ಇಡೀ ದಾರಿ ಅಂಗೈ ಮಾಡಬೇಕು. ಅಂಗೈಯ ಹೊರ ಅಂಚಿನ ನರ ಒತ್ತಿ ನಿಮ್ಮ ಆ ಎರಡು ಬೆರಳು ಜೋಮು ಹಿಡಿಯುತ್ತವೆ. ಸೀಟನ್ನು ಮಟ್ಟ ಮಾಡಿ, ಮೊಣಕೈ ಕೊಂಚ ಮಡಚಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಆಮೇಲೂ ಮುಂಡ ಜಾಸ್ತಿ ಬಗ್ಗಿದ ಹಾಗೆ ಅನಿಸಿದರೆ ಸ್ಟೆಮ್ಮಿನ ಮೇಲಿರುವ ಉಂಗುರಗಳನ್ನು ಕೆಳಗೆ ಹಾಕಿಸಿ ಹ್ಯಾಂಡಲ್ ಏರಿಸಬಹುದು. ಕಡೆಗೆ ಸೀಟನ್ನು ಹಿಂದೆ ಮುಂದೆ ಸರಿಸುವುದು: ಪೆಡಲ್ ಕಡ್ಡಿಗಳು ನೆಲಕ್ಕೆ ಸಮನಾಗಿರುವಾಗ, ದಾರಕ್ಕೆ ಒಂದು ನಟ್ಟು ಕಟ್ಟಿ ಮುಂದಿನ ಮಂಡಿಯ ಚಿಪ್ಪಿನ ಕೆಳಗಿನ ಗುಬ್ಬಟೆಯಿಂದ ಇಳಿಬಿಟ್ಟರೆ ಪೆಡಲಿನ ಅಚ್ಚಿನ ಹತ್ತಿರ ಬೀಳಬೇಕು. ಇದೇನು ಪಂಚಾಂಗದ ಮುಹೂರ್ತವಲ್ಲ, ಕೊಂಚ ಆಚೀಚೆ ಆದರೆ ನಡೆಯುತ್ತದೆ. ಇಷ್ಟೆಲ್ಲ ಆದಮೇಲೂ ಮಂಡಿ ನೋಯುತ್ತಿದ್ದರೆ ನನಗೆ ಬರೆಯಬೇಡಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹೊಸ ಸೈಕಲ್ಲಿನ ಟೈರಿಗೆ ಗಾಳಿ ಹಾಕಿಸಲು ಪಂಕ್ಚರ್ ಅಂಗಡಿಗೆ ಹೋದೆ. ಅವರ ಪೈಪು ಕೂರಲೇ ಇಲ್ಲ, ಒತ್ತಾಡಿ ವಾಲ್ವಿನ ಕಡ್ಡಿ ಬಗ್ಗಿತು. ಟೈರ್ ಮೇಲೆ ಗರಿಷ್ಠ 115 ಪಿಎಸ್ಐ ಎಂದಿದೆ. ಅಷ್ಟೇ ಹೊಡೆಯಬೇಕಾ? ನನ್ನ ತೂಕ 62 ಕೆ.ಜಿ., ಟೈರಿನ ಅಗಲ 28 ಮಿ.ಮೀ.
(ಓದುಗರು, ಮಂಗಳೂರು)

ನಿಮ್ಮದು ಪ್ರೆಸ್ಟಾ ವಾಲ್ವು. ಹಳೇ ಸೈಕಲ್ಲಿನ ವಾಲ್ವಿನಲ್ಲಿ ಪುಟ್ಟ ರಬ್ಬರ್ ವಾಲ್‌ಟ್ಯೂಬ್ ಇರುತ್ತಿತ್ತು, ನಾವು ಉಗುಳು ಹಚ್ಚಿ ತುರುಕುತ್ತಿದ್ದೆವು. ಸ್ಕೂಟರು ಕಾರಿನದ್ದು ದಪ್ಪ ವಾಲ್ವು, ಅದರ ಹೆಸರು ಶ್ರೇಡರ್. ಪ್ರೆಸ್ಟಾ ತೆಳ್ಳಗೆ, ರಿಮ್ಮಿನಲ್ಲಿ 6 ಮಿ.ಮೀ. ತೂತು ಸಾಕು. ಶ್ರೇಡರಿಗೆ 8 ಬೇಕು. ಅಂಗಡಿಯವರ ತಪ್ಪಲ್ಲ, ಅವರ ಪೈಪು ಶ್ರೇಡರಿನದ್ದು.

ಮುಚ್ಚಳ ತೆಗೆದರೆ ಕಡ್ಡಿಯ ತುದಿಯಲ್ಲಿ ರಾಗಿ ಕಾಳಿಗಿಂತ ಕೊಂಚ ದೊಡ್ಡ ನಟ್ಟು ಕಾಣುತ್ತದೆ. ಅದನ್ನು ಮೇಲಿನವರೆಗೆ ಬಿಚ್ಚಿ. ತುದಿಯನ್ನು ಒಮ್ಮೆ ಒತ್ತಿ, "ಪುಸ್" ಎನ್ನಬೇಕು. ಎಂದರೆ ವಾಲ್ವು ಕಚ್ಚಿಕೊಂಡಿಲ್ಲ. ಪಂಪಿನ ತಲೆಯನ್ನು ನೇರ ಇಟ್ಟು, ನೇರ ತೆಗೆಯಿರಿ. ಓರೆಯಾಗಿ ಕಿತ್ತರೆ ಕಡ್ಡಿ ಬಗ್ಗುತ್ತದೆ, ನಾನೂ ಎರಡು ಬಗ್ಗಿಸಿದ್ದೇನೆ. ಕೊಂಚ ಬಗ್ಗಿದ್ದರೆ ಬೆರಳಲ್ಲೇ ನೆಟ್ಟಗೆ ಮಾಡಬಹುದು. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಕೊಂಡರೆ ಯಾವ ಊರಿನ ಪಂಕ್ಚರ್ ಅಂಗಡಿಯೂ ಆಗುತ್ತದೆ. ಕಂಪ್ರೆಸರಿನಲ್ಲಿ ಮಾತ್ರ ಸ್ವಲ್ಪಸ್ವಲ್ಪವೇ ಬಿಡಲು ಹೇಳಿ. ಈ ಟೈರಿನ ಹೊಟ್ಟೆ ಚಿಕ್ಕದು, ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುತ್ತದೆ.

115 ಎನ್ನುವುದು ಮಿತಿ, ಅಪ್ಪಣೆ ಅಲ್ಲ. ನಿಮ್ಮ ತೂಕಕ್ಕೆ 28ರ ಟೈರಿನಲ್ಲಿ ಹಿಂದೆ 75, ಮುಂದೆ 70ರಿಂದ ಶುರು ಮಾಡಿ. ಕಲ್ಲಿನ ಹಾಗೆ ಗಟ್ಟಿಯಾದ ಟೈರು ವೇಗವಾಗಿ ಓಡುತ್ತದೆ ಎಂಬ ನಂಬಿಕೆ ನಯವಾದ ಟ್ರ್ಯಾಕಿಗೆ ಸರಿ, ನಮ್ಮ ರಸ್ತೆಯಲ್ಲಿ ಅದು ಕುಣಿಯುತ್ತದೆ, ಹಲ್ಲು ಅಲುಗುತ್ತದೆ. ಮಳೆಗಾಲದಲ್ಲಿ ಇನ್ನೊಂದು 5 ಇಳಿಸಿ, ಹಿಡಿತ ಚೆನ್ನಾಗಿರುತ್ತದೆ. ತೀರಾ ಕಡಿಮೆ ಮಾಡಿದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗೆ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಹೆಚ್ಚಿಸಿ. ಈ ತೆಳು ಟ್ಯೂಬುಗಳಿಂದ ಪಂಕ್ಚರ್ ಆಗದೆಯೂ ದಿನಾ ಕೊಂಚ ಗಾಳಿ ಸೋರುತ್ತದೆ. ಹೊರಡುವ ಮುಂಚೆ ಪ್ರತಿ ಸಲ ನೋಡಿ.

ಪ್ರಶ್ನೆ: ಮಗಳು ಸೈಕಲ್ ಸ್ಪರ್ಧೆಗೆ ತಯಾರಿ ನಡೆಸಿದ್ದಾಳೆ. ಹೊಸ 8 ಗೇರಿನ ರೋಡ್ ಬೈಕ್ ಕೊಡಿಸಿ ಮೂರು ವಾರ ಆಯಿತು. ಮೊದಲು ಬೆಣ್ಣೆಯ ಹಾಗೆ ಬೀಳುತ್ತಿದ್ದ ಗೇರು ಈಗ ಟಕಟಕ ಅನ್ನುತ್ತದೆ, ಮೇಲಿನ ಗೇರಿಗೆ ಏರಲು ತಡ ಮಾಡುತ್ತದೆ. ಸೈಕಲ್ಲೇ ಕೆಟ್ಟದ್ದು ಬಂತೇನೋ ಎಂಬ ಚಿಂತೆ.
(ಓದುಗರು, ಬಾಗಲಕೋಟೆ ಜಿಲ್ಲೆ)

ನಿಮ್ಮ ಬಾಗಲಕೋಟೆ, ವಿಜಯಪುರದ ಕಡೆ ಸೈಕಲ್ ರೇಸಿನವರು ಮನೆಮನೆಗೂ ಸಿಗುತ್ತಾರೆ. ನೀವು ನನ್ನನ್ನು ಕೇಳುತ್ತಿದ್ದೀರಿ! ಸೈಕಲ್ ಕೆಟ್ಟದ್ದಲ್ಲ. ಹೊಸ ಗೇರ್ ವೈರಿನ ಹೊರಗವಸು ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ ಒತ್ತಿಕೊಂಡು ಕೂರುತ್ತದೆ, ವೈರು ಅಷ್ಟರಮಟ್ಟಿಗೆ ಸಡಿಲಾಗುತ್ತದೆ. ಎಲ್ಲ ಹೊಸ ಸೈಕಲ್ಲಿನ ಕತೆಯೂ ಇದೇ.

ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವ ಹಾಗೆ ಸೈಕಲ್ ತೂಗುಹಾಕಬೇಕು. ನಮ್ಮ ಮನೆಯ ತೊಲೆಯಲ್ಲಿ ತೊಟ್ಟಿಲು ಕಟ್ಟಿದ್ದ ಕೊಂಡಿ ಇದೆ. ಮಗಳನ್ನು ತೂಗಿದ ಕೊಂಡಿಗೆ ಈಗ ಸೀಟಿಗೆ ಹಗ್ಗ ಹಾಕಿ ಸೈಕಲ್ ತೂಗುತ್ತೇನೆ. ಇದನ್ನು ನೋಡಿ ನನ್ನಾಕೆ ಏನನ್ನುತ್ತಾಳೆ ಎಂಬುದನ್ನು ಅಚ್ಚು ಮಾಡುವಂತಿಲ್ಲ.

ಹಿಂದಿನ ಗೇರಿನ ಯಂತ್ರಕ್ಕೆ ವೈರು ಸೇರುವಲ್ಲಿ ಬೆರಳಲ್ಲಿ ತಿರುಗಿಸುವ ಗೀರುಗೀರಾದ ತಿರುಪು ಇದೆ. ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ, ಪೆಡಲು ತಿರುಗಿಸುತ್ತಾ ಒಂದು ಕ್ಲಿಕ್ ಒತ್ತಿ. ಎರಡನೆಯದಕ್ಕೆ ಕೂಡಲೇ ಹಾರಬೇಕು. ತಡವಾದರೆ ವೈರು ಸಡಿಲ. ಸೈಕಲ್ಲಿನ ಹಿಂದೆ ನಿಂತು ನೋಡುವಾಗ ತಿರುಪನ್ನು ಗಡಿಯಾರದ ಮುಳ್ಳಿಗೆ ವಿರುದ್ಧ ಕಾಲು ಸುತ್ತು ತಿರುಗಿಸಿ. ಮತ್ತೆ ಕ್ಲಿಕ್. ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಏರುವುದು ಸರಿಯಾಗಿ, ಇಳಿಯಲು ತಡ ಮಾಡಿದರೆ ಬಿಗಿ ಜಾಸ್ತಿಯಾಯಿತು, ಕೊಂಚ ವಾಪಸ್ ಬನ್ನಿ. ಹೆಚ್ಚಿನ ಸಲ ಒಂದು ಸುತ್ತಿನೊಳಗೇ ಕೆಲಸ ಮುಗಿಯುತ್ತದೆ. ಮಗಳ ಕೈಯಲ್ಲೇ ಮಾಡಿಸಿ.

ಪಕ್ಕದಲ್ಲಿ ಎಚ್ ಮತ್ತು ಎಲ್ ಎಂದು ಬರೆದ ಎರಡು ಚಿಕ್ಕ ಸ್ಕ್ರೂ ಕೈ ಬೀಸಿ ಕರೆಯುತ್ತವೆ. ಮುಟ್ಟಬೇಡಿ. ಚೈನು ಎರಡು ಕೊನೆಗಳಾಚೆ ಬೀಳದ ಹಾಗೆ ತಡೆಯುವುದಷ್ಟೇ ಅವುಗಳ ಕೆಲಸ. ಎಲ್ ಸ್ಕ್ರೂ ಸಡಿಲಿಸಿದರೆ ಏರಿನಲ್ಲಿ ಗೇರಿನ ಯಂತ್ರವೇ ಕಡ್ಡಿಗಳೊಳಗೆ ನುಗ್ಗಬಹುದು. ಎರಡು ಕೊನೆಯ ಹಲ್ಲುಚಕ್ರಗಳಲ್ಲಿ ಸರಿಯಿದ್ದು ನಡುವೆ ಮಾತ್ರ ಏನು ಮಾಡಿದರೂ ಟಕಟಕ ಹೋಗದಿದ್ದರೆ, ಸೈಕಲ್ ಬಲಮಗ್ಗುಲಿಗೆ ಬಿದ್ದಿತ್ತಾ ಎಂದು ಮಗಳನ್ನು ಕೇಳಿ. ಬಸ್ಸಿನ ಮೇಲೆ ಹಾಕಿ ತಂದಿದ್ದರೂ ಅಷ್ಟೇ. ಯಂತ್ರ ತೂಗುವ ಅಲ್ಯೂಮಿನಿಯಂ ಹ್ಯಾಂಗರ್ ಬಗ್ಗಿರುತ್ತದೆ. ಹಿಂದಿನಿಂದ ನೋಡಿ: ಕೆಳಗಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ಇರಬೇಕು. ಒಳಕ್ಕೆ ವಾಲಿದ್ದರೆ ಅಂಗಡಿಯಲ್ಲಿ ನೇರ ಮಾಡಿಸಿ. ಆ ಫ್ರೇಮಿಗೇ ಹೊಂದುವ ಇನ್ನೊಂದು ಹ್ಯಾಂಗರ್ ತರಿಸಿ ಇಟ್ಟುಕೊಳ್ಳಿ, ಸ್ಪರ್ಧೆಯ ಹಿಂದಿನ ದಿನ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ಡಿಸ್ಕ್ ಬ್ರೇಕು ಕುಕ್ಕರ್ ಹಾಗೆ ಕಿರುಚುತ್ತದೆ, ಆದರೂ ಸೈಕಲ್ ಬೇಗ ನಿಲ್ಲುವುದಿಲ್ಲ. ಎಣ್ಣೆ ಸ್ಪ್ರೇ ಮಾಡಲಾ?
(ಓದುಗರು, ಬೆಂಗಳೂರು)

ಬೇಡ! ಈ ಸಾಲು ಓದುವ ಮೊದಲೇ ಮಾಡಿಬಿಟ್ಟಿದ್ದರೆ ಹೊಸ ಪ್ಯಾಡಿಗೆ ದುಡ್ಡು ತೆಗೆದಿಡಿ. ಚೈನಿಗೆ ಸ್ಪ್ರೇ ಹೊಡೆಯುವಾಗ ಗಾಳಿಗೆ ನಾಲ್ಕು ಹನಿ ಡಿಸ್ಕಿನ ಮೇಲೆ ಹಾರಿ ನಾನು ಒಂದು ಜೊತೆ ಪ್ಯಾಡು ಕಳೆದುಕೊಂಡೆ. ಆಮೇಲಿಂದ ಚೈನಿಗೆ ಹನಿಹನಿಯಾಗಿ ಮಾತ್ರ ಎಣ್ಣೆ, ಡಿಸ್ಕಿಗೆ ಹಳೇ ಪಂಚೆಯ ಹೊದಿಕೆ.

ನಿಮ್ಮದು ಹೊಸದಾದ್ದರಿಂದ ಬಹುಶಃ ಪ್ಯಾಡು ಇನ್ನೂ ಡಿಸ್ಕಿಗೆ ಹೊಂದಿಕೊಂಡಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ, ಅದರಲ್ಲಿ ಶುಭ್ರ ಬಟ್ಟೆ ಅದ್ದಿ ಡಿಸ್ಕ್ ಒರೆಸಿ. ಬೆರಳು ಮುಟ್ಟಿಸಬೇಡಿ, ಬೆರಳಿನಲ್ಲೂ ಜಿಡ್ಡಿರುತ್ತದೆ. ಖಾಲಿ ರಸ್ತೆಯಲ್ಲಿ ಗಂಟೆಗೆ 20-25 ಕಿ.ಮೀ. ವೇಗ ತಗೊಂಡು, ನಡಿಗೆಯ ವೇಗಕ್ಕೆ ಬರುವವರೆಗೆ ಒಂದೇ ಸಮ ಬ್ರೇಕ್ ಒತ್ತಿ. ಚಕ್ರ ಪೂರ್ತಿ ನಿಂತು ಜಾರಬಾರದು. ಬಿಟ್ಟು ಮತ್ತೆ ವೇಗ. ಒಂದೊಂದು ಬ್ರೇಕಿಗೂ ಸುಮಾರು 20 ಸಲ. ಐದಾರು ಸಲ ಆದಾಗಲೇ ಹಿಡಿತ ಬರುವುದು ಕೈಗೆ ತಿಳಿಯುತ್ತದೆ.

ಕಿರುಚದೆ "ಸುಂಯ್... ಸುಂಯ್..." ಎಂದು ಸುತ್ತಿಗೊಮ್ಮೆ ಉಜ್ಜುವ ಸದ್ದಾದರೆ ಡಿಸ್ಕ್ ಕೊಂಚ ಬಗ್ಗಿದೆ. ಇಡೀ ಸುತ್ತು ಉಜ್ಜಿದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ನಡುವಿಗಿಲ್ಲ. ಅದರ ಎರಡು ಬೋಲ್ಟು ಸಡಿಲಿಸಿ, ಬ್ರೇಕ್ ಒತ್ತಿ ಹಿಡಿದು, ಹಾಗೇ ಬಿಗಿ ಮಾಡಿ. ವೈರಿನ ಬದಲು ಎಣ್ಣೆಯಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್ ಆಗಿದ್ದರೆ ಚಕ್ರ ಬಿಚ್ಚಿದಾಗ ಅಪ್ಪಿತಪ್ಪಿಯೂ ಬ್ರೇಕ್ ಒತ್ತಬೇಡಿ, ಪ್ಯಾಡುಗಳು ಒಂದಕ್ಕೊಂದು ಅಂಟಿ ಕೂರುತ್ತವೆ.

ಪ್ರಶ್ನೆ: ಸೈಕಲ್ ಕಂಪ್ಯೂಟರ್ ಹಾಕಿಸಿದೆ. ಗೆಳೆಯನ ಜಿಪಿಎಸ್ 100 ಕಿ.ಮೀ. ತೋರಿಸಿದಾಗ ನನ್ನದು 98 ಮಾತ್ರ. ಎರಡು ಕಿಲೋಮೀಟರ್ ಎಲ್ಲಿ ಹೋಯಿತು?
(ಓದುಗರು, ಶಿವಮೊಗ್ಗ)

ಅಂಗಡಿಯವರು ಚಕ್ರದ ಸುತ್ತಳತೆ ಕೇಳದೆ ಹಾಕಿದ್ದಾರೆ. ಈ ಪೆಟ್ಟಿಗೆ ದೂರ ಅಳೆಯುವುದಿಲ್ಲ, ಕಡ್ಡಿಯ ಮೇಲಿನ ಅಯಸ್ಕಾಂತ ಎಷ್ಟು ಸಲ ಹಾದುಹೋಯಿತು ಎಂದು ಎಣಿಸಿ ಸುತ್ತಳತೆಯಿಂದ ಗುಣಿಸುತ್ತದೆ. 23ರ ಟೈರಿಗೆ ಸುತ್ತಳತೆ 2096 ಮಿ.ಮೀ., 25ಕ್ಕೆ 2105, 28ಕ್ಕೆ 2136. ನಿಮ್ಮದು 28ರ ಟೈರಾಗಿದ್ದು 2096 ಎಂದು ಹಾಕಿದ್ದರೆ 100ಕ್ಕೆ 98.1 ಬರುತ್ತದೆ. ಲೆಕ್ಕ ಸರಿಯಾಗಿ ಕೂತಿತು ನೋಡಿ.

ಪಟ್ಟಿಗಿಂತ ನಿಮ್ಮ ಅಂಗಳದ ಅಳತೆ ಒಳ್ಳೆಯದು. ಟೈರಿಗೆ ಸರಿಯಾಗಿ ಗಾಳಿ ಹಾಕಿ, ಸುಣ್ಣದ ಒಂದು ಬೊಟ್ಟಿಟ್ಟು, ಮೇಲೆ ಕೂತು ನೇರಕ್ಕೆ ಹೋಗಿ. ಯಾರಾದರೂ ಪಕ್ಕದಲ್ಲಿ ಹಿಡಿದುಕೊಳ್ಳಲಿ. ನೆಲದಲ್ಲಿ ಬೊಟ್ಟುಗಳು ಬೀಳುತ್ತವೆ. ಮೊದಲ ಬೊಟ್ಟಿನಿಂದ ನಾಲ್ಕನೆಯದಕ್ಕೆ ಟೇಪ್ ಹಿಡಿದು ಮೂರರಿಂದ ಭಾಗಿಸಿ. ನನ್ನದು 6 ಮೀಟರ್ 39 ಸೆಂಟಿಮೀಟರ್ ಬಂತು, ಭಾಗಿಸಿದರೆ 2130. ಮೈಭಾರಕ್ಕೆ ಟೈರು ಕೊಂಚ ಅದುಮುವುದರಿಂದ ಪಟ್ಟಿಗಿಂತ 6 ಮಿ.ಮೀ. ಕಡಿಮೆ. ಆಗಾಗ ವೇಗ ಸೊನ್ನೆ ತೋರಿಸಿದರೆ ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವಿನ ಸಂದು ಜಾಸ್ತಿಯಾಗಿದೆ. ಕೆಲವೇ ಮಿಲಿಮೀಟರ್ ಇರಲಿ, ತಾಗಬಾರದು.

ಪ್ರಶ್ನೆ: ಪೆಡಲಿಗೆ ಕಚ್ಚಿಕೊಳ್ಳುವ ಶೂ ಕೊಳ್ಳಬೇಕೆಂದಿದ್ದೇನೆ. ಗೆಳೆಯರು ಬೀಳುತ್ತೀಯ ಎಂದು ಹೆದರಿಸುತ್ತಾರೆ.
(ವಿದ್ಯಾರ್ಥಿ, ಮೈಸೂರು)

ಬೀಳುತ್ತೀಯ ಕಣಪ್ಪ. ನಾನು ಬಿದ್ದದ್ದು ಬಸ್ ಸ್ಟಾಪಿನ ಮುಂದೆ. ಸಿಗ್ನಲ್ ಕೆಂಪಾಯಿತು, ಸೈಕಲ್ ನಿಲ್ಲಿಸಿದೆ, ಕಾಲು ಬಿಚ್ಚಲು ಮರೆತೆ, ನಿಂತಲ್ಲೇ ಮರದ ಹಾಗೆ ಉರುಳಿದೆ. ಹೂ ಮಾರುವಾಕೆ ಎದ್ದು ಬಂದು "ಏನ್ ಸಾರ್, ಓಡ್ತಾ ಇದ್ದಾಗ ಬೀಳ್ದೆ ನಿಂತ್ಮೇಲೆ ಬಿದ್ರಲ್ಲ!" ಅಂದರು. ಮೊಣಕೈಗಿಂತ ಆ ಮಾತು ಜಾಸ್ತಿ ನೋಯಿತು.

ಪೆಡಲಿನ ಸ್ಪ್ರಿಂಗ್ ಸ್ಕ್ರೂ ಪೂರ್ತಿ ಸಡಿಲಿಸಿ, ಬಾಗಿಲ ಚೌಕಟ್ಟು ಹಿಡಿದು ಎಡಗಾಲು ಐವತ್ತು ಸಲ, ಬಲಗಾಲು ಐವತ್ತು ಸಲ ಹಾಕಿ ತೆಗೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು, ಮೇಲಕ್ಕೆ ಎಳೆಯಬಾರದು. ಆಮೇಲೆ ಹುಲ್ಲಿನ ಮೈದಾನ, ಆಮೇಲೆ ರಸ್ತೆ. ನಿಲ್ಲಿಸುವ ಹತ್ತು ಗಜ ಮೊದಲೇ ಒಂದು ಕಾಲು ಬಿಚ್ಚು. ಶೂ ಅಟ್ಟೆಗೆ ಕೂರುವ, ಪೆಡಲಿಗೆ ಕಚ್ಚಿಕೊಳ್ಳುವ ತುಂಡಿಗೆ ಕ್ಲೀಟ್ ಅನ್ನುತ್ತಾರೆ. ಶಿಮಾನೋ ಕಂಪನಿಯ ಮೂರು ಬೋಲ್ಟಿನ ಕ್ಲೀಟ್ ತಗೊಂಡರೆ ಹಳದಿ ತಗೋ, ಪಾದಕ್ಕೆ 6 ಡಿಗ್ರಿ ಆಟ ಇರುತ್ತದೆ. ನೀಲಿಗೆ 2, ಕೆಂಪಿಗೆ ಸೊನ್ನೆ. ಕಾಲೇಜಿನ ಮೆಟ್ಟಿಲು ಹತ್ತುವುದಿದ್ದರೆ ಎರಡು ಬೋಲ್ಟಿನದೇ ವಾಸಿ, ಕ್ಲೀಟು ಅಟ್ಟೆಯೊಳಗೆ ಅಡಗಿರುತ್ತದೆ, ಕುದುರೆಯ ಹಾಗೆ ಟಕಟಕ ನಡೆಯಬೇಕಿಲ್ಲ. ಪೆಡಲ್ ಹಾಕುವಾಗ ನೆನಪಿರಲಿ: ಎಡ ಪೆಡಲಿನ ಮರೆ ಉಲ್ಟಾ. ಬಿಗಿಯಾಗುವುದು ಗಡಿಯಾರಕ್ಕೆ ವಿರುದ್ಧ ತಿರುಗಿಸಿದಾಗ. ಮರೆಗೆ ಕೊಂಚ ಗ್ರೀಸ್ ಹಚ್ಚು.

ಪ್ರಶ್ನೆ: ಜೊತೆಗೆ ಯಾವ ಸಾಮಾನು ಮೊದಲು ಕೊಳ್ಳಲಿ?
(ಓದುಗರು, ಉಡುಪಿ)

ಹೆಲ್ಮೆಟ್, ಬೆಲ್ಲು, ಹಿಂದೆ ಕೆಂಪು ಮುಂದೆ ಬಿಳಿ ಲೈಟು, ಒಂದು ಟ್ಯೂಬು, ಟೈರ್ ಎತ್ತುವ ಎರಡು ಸನ್ನೆ, ಕೈಪಂಪು. ನಿಮ್ಮ ಊರಿನ ಮಳೆಗೆ ಮಡ್‌ಗಾರ್ಡೂ ಬೇಕು. ಇಷ್ಟು ಆದಮೇಲೆ ಮೂರು ತಿಂಗಳು ಅಂಗಡಿ ಕಡೆ ತಲೆ ಹಾಕಬೇಡಿ. ಮುಂದಿನ ಲೈಟನ್ನು ಕತ್ತಲಲ್ಲಿ ಗೋಡೆ ಎದುರು ನಿಲ್ಲಿಸಿ ಹೊಂದಿಸಿ: ಬೆಳಕಿನ ನಡುಭಾಗ ಲೈಟಿನ ಎತ್ತರಕ್ಕಿಂತ ಕೆಳಗೇ ಬೀಳಬೇಕು, ಎದುರು ಬರುವವರ ಕಣ್ಣಿಗೆ ಹೊಡೆಯಬಾರದು. ಸೀಟಿನ ಕೆಳಗಿನ ಚೀಲ ತೊಡೆಗೆ ಉಜ್ಜುತ್ತದೆಯಾ, ಹಿಂದಿನ ಲೈಟನ್ನು ಮುಚ್ಚುತ್ತದೆಯಾ, ಅದನ್ನೂ ನೋಡಿ.

ಪ್ರಶ್ನೆ: ನನಗೆ 68. ಅಮೆರಿಕದಲ್ಲಿರುವ ಮಗ ತಾನು ಓಡಿಸುತ್ತಿದ್ದ ರೋಡ್ ಬೈಕನ್ನು ಬರುವಾಗ ತಂದುಕೊಟ್ಟ. ಮೊದಲ ದಿನವೇ ಎಡಗೈ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಎದ್ದ ಹಾಗಾಯಿತು. ಹಳೆಯ ಸೈಕಲ್ಲಿನಲ್ಲಿ ಹೀಗಾಗಿರಲಿಲ್ಲ.
(ಓದುಗರು, ಧಾರವಾಡ)

ಬೀಳಲಿಲ್ಲವಲ್ಲ, ದೊಡ್ಡದು. ಅಮೆರಿಕದ ಸೈಕಲ್ಲಿನಲ್ಲಿ ಮುಂದಿನ ಬ್ರೇಕು ಎಡಗೈಗೆ ಇರುತ್ತದೆ. ನಿಮ್ಮ ಹಳೆಯದರಲ್ಲಿ ಬಲಗೈಗೆ ಇತ್ತು. ಇದಕ್ಕೆ ಅರ್ಥವೂ ಇದೆ. ನಾವು ರಸ್ತೆಯ ಎಡಕ್ಕೆ ಹೋಗುವವರು, ಬಲಕ್ಕೆ ತಿರುಗುವಾಗ ಬಲಗೈ ಚಾಚುತ್ತೇವೆ, ಆಗ ಹ್ಯಾಂಡಲ್ ಮೇಲೆ ಉಳಿಯುವ ಎಡಗೈಗೆ ಸೌಮ್ಯವಾದ ಹಿಂದಿನ ಬ್ರೇಕು ಇರುವುದು ವಾಸಿ. ಅವರದು ಬಲಕ್ಕೆ ಹೋಗುವ ರಸ್ತೆ, ಎಲ್ಲ ಅದಲುಬದಲು.

ಐವತ್ತು ವರ್ಷದ ಕೈ ಅಭ್ಯಾಸವನ್ನು ಬದಲಿಸುವುದಕ್ಕಿಂತ ವೈರು ಬದಲಿಸುವುದು ಸುಲಭ. ವೈರಿನ ಬ್ರೇಕಾದರೆ ನಿಮ್ಮ ಊರಿನ ಯಾವ ಒಳ್ಳೆ ಮೆಕ್ಯಾನಿಕ್ಕಾದರೂ ಅರ್ಧ ದಿನದಲ್ಲಿ ಅದಲುಬದಲು ಮಾಡಿಕೊಡುತ್ತಾನೆ. ಹ್ಯಾಂಡಲ್ ಟೇಪನ್ನು ಹೊಸದಾಗಿ ಸುತ್ತಬೇಕಾಗುತ್ತದೆ, ಅದನ್ನು ಮೊದಲೇ ಕೊಂಡುಕೊಂಡು ಹೋಗಿ. ಹೈಡ್ರಾಲಿಕ್ ಆಗಿದ್ದರೆ ಪೈಪು ಬಿಚ್ಚಿ ಒಳಗಿನ ಎಣ್ಣೆಯಿಂದ ಗಾಳಿ ತೆಗೆಯಬೇಕು, ಅದು ಗೊತ್ತಿರುವವರ ಹತ್ತಿರವೇ ಮಾಡಿಸಿ. ಅಲ್ಲಿಯವರೆಗೆ ಎಡ ಹಿಡಿಗೆ ಒಂದು ಕೆಂಪು ದಾರ ಕಟ್ಟಿಕೊಳ್ಳಿ. ಕೆಲಸ ಮುಗಿಸಿ ತಂದ ದಿನ ರಸ್ತೆಗೆ ಇಳಿಯುವ ಮುಂಚೆ ಸೈಕಲ್ಲನ್ನು ಕೈಯಲ್ಲಿ ತಳ್ಳುತ್ತಾ ಬಲ ಹಿಡಿ ಒತ್ತಿ ನೋಡಿ. ಮುಂದಿನ ಚಕ್ರ ನಿಂತರೆ ದಾರ ಬಿಚ್ಚಬಹುದು.